ಬಿಡಬಾರದ ಕಂಬ

ನಮ್ಮ ಸ್ಟುಡಿಯೋದವರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಸುತ್ತಲಿನ ಚರ್ಮ ಸುಟ್ಟ ಗೇರುಬೀಜದ ಸಿಪ್ಪೆಯಂತೆ ಕಪ್ಪಾಗಿ ಸುಕ್ಕುಗಟ್ಟಿತ್ತು. ಪುಂಜಾಲಕಟ್ಟೆಯ ಅವರ ಅಂಗಡಿಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಅವರು ಕಾಲನ್ನು ಮೇಜಿನ ಕೆಳಗೆ ಎಳೆದುಕೊಳ್ಳುತ್ತಿದ್ದರು.

ನಾನು ಶಾಲೆಯಲ್ಲಿ ಡ್ರಿಲ್ ಮಾಸ್ಟರಾಗಿದ್ದವನು. ಹೇಳಿದ ಹೊತ್ತಿಗೆ ಬರುವವರು ನನಗೆ ಇಷ್ಟ. ಅವರು ಬರುತ್ತಿದ್ದರು. ಜನರನ್ನು ಬಯಲಲ್ಲಿ ನಿಲ್ಲಿಸಿ ಫೋಟೋ ತೆಗೆಯುವುದು ಅವರ ಹುಚ್ಚು. ಫ್ಲ್ಯಾಶನ್ನು ಕ್ಯಾಮೆರಾದ ತಲೆಯ ಮೇಲೆ ಎಂದೂ ಕೂರಿಸಿದವರಲ್ಲ. ಎತ್ತರದ ಲೋಹದ ಸ್ಟ್ಯಾಂಡಿಗೆ ಸಿಕ್ಕಿಸಿ, ಅದಕ್ಕೊಂದು ಬಿಳಿ ಕೊಡೆ ಕಟ್ಟಿ, ಪಕ್ಕದಿಂದ ಮುಖಕ್ಕೆ ಬೆಳಕು ಬೀಳಿಸುತ್ತಿದ್ದರು. ಎಷ್ಟು ಬೆಳಕು ಬೇಕೆಂಬುದನ್ನೂ ಕೈಯಾರೆ ಹೊಂದಿಸುತ್ತಿದ್ದರು. “ಆಟೋದಲ್ಲಿ ಇಟ್ರೆ ಅದೇ ಅಂದಾಜು ಮಾಡ್ತದೆ. ಮತ್ತೆ ನಾನು ಯಾಕೆ?” ಎನ್ನುತ್ತಿದ್ದರು. ಆಕಾಶವನ್ನು ಕಪ್ಪಾಗಿಸಿ ಮುಖವನ್ನಷ್ಟೇ ಬೆಳಗಿಸುವುದು ಅವರ ರೀತಿ. ನಡುಹಗಲಲ್ಲಿ ನಿಂತವರು ಫೋಟೋದಲ್ಲಿ ಮುಸ್ಸಂಜೆಯೊಳಗೆ ನಿಂತಿರುತ್ತಿದ್ದರು. ಊರಿನ ಕೆಲವರಿಗೆ ಅದು ಅಪಶಕುನ.

ನಮ್ಮ ಮದುವೆಗೆ ಐವತ್ತು ವರ್ಷ ತುಂಬಿದಾಗ, ಮಳೆಗಾಲಕ್ಕೆ ಮುಂಚಿನ ಒಂದು ಮಧ್ಯಾಹ್ನ, ನನ್ನನ್ನೂ ಹೆಂಡತಿಯನ್ನೂ ಕೆಂಪು ಮುರಕಲ್ಲಿನ ಬೋಳುಗುಡ್ಡೆಗೆ ಕರೆದುಕೊಂಡು ಹೋದರು. ಹುಲ್ಲಿನ ಎಸಳೂ ಅಲುಗುತ್ತಿರಲಿಲ್ಲ. ಘಟ್ಟದ ಕಡೆ ಮೋಡ ಏಳುತ್ತಿತ್ತು.

“ಇವತ್ತು ಆಕಾಶ ಕಪ್ಪು ಮಾಡುವ ಕೆಲಸ ನನಗಿಲ್ಲ ಮಾಸ್ಟ್ರೆ. ಅದೇ ಮಾಡಿಕೊಂಡು ಬರ್ತಾ ಉಂಟು,” ಎಂದರು.

“ಮಾಲೆ ಹಾಕುವ ಫೋಟೋ ಮಾಡ್ಬೇಡಿ ಮಾರಾಯ್ರೆ, ನಾವಿನ್ನೂ ಇದ್ದೇವೆ,” ಎಂದು ಹೆಂಡತಿ ನಕ್ಕಳು.

ಮೊದಲು ಅವಳೊಬ್ಬಳ ಫೋಟೋ. ಸ್ಟ್ಯಾಂಡ್ ಹಿಡಿಯುವ ಕೆಲಸ ನನಗೆ ಬಂತು. “ಒಂದು ಮೊಳ ಸರಿದ್ರೆ ಬೆಳಕೇ ಬೇರೆ ಆಗ್ತದೆ. ಏನೇ ಆಗ್ಲಿ, ಕಂಬ ಬಿಡ್ಬಾರ್ದು,” ಎಂದರು. ನಾನು ಡ್ರಿಲ್ಲಿನ ಸಾವಧಾನ್ ಭಂಗಿಯಲ್ಲಿ ನೆಟ್ಟಗೆ ನಿಂತೆ.

ಫ್ಲ್ಯಾಶ್ ಹೊಳೆಯಿತು. ಅವರು ಕ್ಯಾಮೆರಾದ ಹಿಂಬದಿಯ ಪರದೆ ನೋಡಿದರು. ತಲೆ ಎತ್ತಿ ಅವಳನ್ನು ನೋಡಿದರು. ಅವಳ ಕಿವಿಯ ಬಳಿಯ ನರೆಗೂದಲು ನೆಟ್ಟಗೆ ಮೇಲೇಳುತ್ತಿತ್ತು. ಬಿಳಿ ಕೊಡೆ ಮಾತ್ರ ಅಲುಗದೆ ನಿಂತಿತ್ತು. ನನ್ನ ಅಂಗೈಯೊಳಗೆ ಕಂಬ ಜೇನುಹುಳದಂತೆ ಗುಂಯ್‌ಗುಡತೊಡಗಿತು.

“ಕಂಬ ಬಿಡಿ!”

ಎಂದೂ ದನಿ ಏರಿಸದ ಮನುಷ್ಯ ಕೂಗಿದಾಗ, ಕಂಬ ಬೀಳುತ್ತಿರಬೇಕೆಂದು ತಿಳಿದು ನಾನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಮೊದಲು ಕೊಟ್ಟ ಆಜ್ಞೆ ನನ್ನ ಕೈಯಲ್ಲಿ ಕೂತುಬಿಟ್ಟಿತ್ತು. ಅವರು ಓಡಿಬಂದು ಭುಜದಿಂದ ನನ್ನನ್ನು ತಳ್ಳಿ, ಕಂಬವನ್ನು ಒದ್ದರು. ಅದು ನೆಲ ಮುಟ್ಟುವ ಮೊದಲೇ ಜಗತ್ತು ಬೆಳ್ಳಗಾಯಿತು.

ಕಣ್ಣು ಬಿಟ್ಟಾಗ ಸಿಡಿಲು ಸುಟ್ಟ ವಾಸನೆ. ಹೆಂಡತಿ ಕಿವಿ ಮುಚ್ಚಿಕೊಂಡು ಕುಳಿತಿದ್ದಳು. ಅವರು ಬಿದ್ದಲ್ಲೇ, ಚಪ್ಪಲಿ ಕರಗಿ ಅಂಟಿದ ಕಾಲನ್ನು ಹಿಡಿದುಕೊಂಡು ಕೇಳಿದರು: “ಅಕ್ಕ, ಮಾಸ್ಟ್ರು ಕಂಬ ಬಿಟ್ರಾ?”

ಮುಂದೆ ಕುಂಟುತ್ತಲೇ ಮೂಡುಬಿದಿರೆಯವರೆಗೂ ಮದುವೆಗಳಿಗೆ ಹೋಗಿಬಂದರು. ಆದರೆ ಘಟ್ಟದ ಕಡೆ ಮೋಡ ಕಂಡರೆ ಸಾಕು, ಅರ್ಧ ಮಾತು ನಿಲ್ಲಿಸಿ, ಸಿಡಿಲಿಗೆ ಮುಂಚೆ ಏಳುವಂತೆ ಏಳುತ್ತಿದೆಯೇ ಎಂದು ಎದುರಿಗಿದ್ದವರ ಕೂದಲನ್ನೇ ನೋಡುತ್ತಿದ್ದರು. ಆ ನೋಟಕ್ಕೆ ಜನ ಹೆದರುತ್ತಿದ್ದರು. ನಾನೂ ಹೆದರುತ್ತಿದ್ದೆ.

ಕಳೆದ ವರ್ಷ ಎದೆಯ ಕಾಯಿಲೆಯಿಂದ ಬೆಳ್ತಂಗಡಿಯ ಆಸ್ಪತ್ರೆ ಸೇರಿದರು. ನಾನು ಹೋಗಿ ಕೈ ಹಿಡಿದು ಕೂತೆ. ನರ್ಸ್ ಬಂದು ಹೊತ್ತಾಯಿತೆಂದರೂ ಏಳಲಿಲ್ಲ. “ಇವರು ಹೇಳಿದ ಕೂಡಲೇ ಬಿಡುವ ಜನ ಅಲ್ಲ ಸಿಸ್ಟರ್,” ಎಂದರು ಸ್ಟುಡಿಯೋದವರು ಮಲಗಿದ್ದಲ್ಲಿಂದಲೇ. ಮರುದಿನ ಹೋಗಿಬಿಟ್ಟರು.

ಹೆಂಡತಿಯ ಆ ಫೋಟೋ ನಮ್ಮ ಚಾವಡಿಯಲ್ಲಿದೆ. ಹಿಂದೆ ಕಪ್ಪು ಆಕಾಶ, ನಗುವ ಮುಖ, ಮೇಲೆದ್ದ ನಾಲ್ಕು ಬಿಳಿ ಕೂದಲು. “ಅವತ್ತು ಎಂಥ ಗಾಳಿ ಮಾಸ್ಟ್ರೆ!” ಎನ್ನುತ್ತಾರೆ ಬಂದವರು.

ಗಾಳಿ ಇರಲಿಲ್ಲ ಎನ್ನುತ್ತೇನೆ. ಅವರನ್ನು ಕೂರಿಸಿ, ಸ್ಟುಡಿಯೋದವರ ಹೆಬ್ಬೆರಳಿನಿಂದ ಶುರುಮಾಡುತ್ತೇನೆ.