ಮಂಗಳವಾರದ ಬೆಣ್ಣೆ ಅಲಂಕಾರ

ತಣ್ಣೀರಿನಲ್ಲಿ ಮುಳುಗಿಸಿಟ್ಟ ಬೆಣ್ಣೆಯುಂಡೆಯನ್ನು ಅಂಗೈಗೆ ತೆಗೆದುಕೊಂಡಾಗ ಆಗುವ ಸುಖವನ್ನು ಹೇಗೆ ವರ್ಣಿಸಲಿ, ಗೆಳೆಯರೇ? ತೊಣ್ಣೂರು ಕೆರೆಯ ದಾರಿಯಲ್ಲಿರುವ ಪುಟ್ಟ ಆಂಜನೇಯನ ಗುಡಿಗೆ ನಾನು ಅರ್ಚಕ. ಶನಿವಾರ ಸ್ವಾಮಿಗೆ ಬೆಣ್ಣೆ ಅಲಂಕಾರ. ಕಲ್ಲಿನ ಮೈಯನ್ನು ಒರೆಸಿ, ಬೆಣ್ಣೆ ಮೆತ್ತಿ, ಒಣದ್ರಾಕ್ಷಿ ಗೋಡಂಬಿಗಳನ್ನು ಒತ್ತಿ ಹಾರ, ಕಿರೀಟ, ತೋಳ್ಬಂದಿಗಳನ್ನು ಮೂಡಿಸುವಷ್ಟರಲ್ಲಿ ನಾನೇ ಅರ್ಧ ಕರಗಿರುತ್ತೇನೆ.

ಮೈಸೂರಿನ ಪ್ರಯೋಗಾಲಯವೊಂದರಲ್ಲಿ ನನ್ನ ಮಗಳು ವಸುಧಾ ಮಾಡುವುದೂ ಅಲಂಕಾರವೇ ಎಂದು ಕಂಡಕಂಡವರಲ್ಲಿ ಜಂಬ ಕೊಚ್ಚಿಕೊಳ್ಳುತ್ತೇನೆ. ಅವಳ ಮೂರ್ತಿ ಮಾತ್ರ ಕಣ್ಣಿಗೆ ಕಾಣದ್ದು: ಮೊಸರಿನಲ್ಲಿರುವಂಥ ಒಳ್ಳೆಯ ಬ್ಯಾಕ್ಟೀರಿಯಾ. ಹೊಟ್ಟೆಗೆ ಹೋದ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಹರಿದು ಹೋಗಿಬಿಡುತ್ತದೆ. ಅದರ ಹೊರಮೈಗೆ ಹೊಸ ಪ್ರೋಟೀನೊಂದನ್ನು ತೊಡಿಸಿ, ಕರುಳಿನಲ್ಲಿ ಊದಿಕೊಂಡ ಜಾಗವನ್ನೇ ಹಿಡಿದು ಕೂತು ಅಲ್ಲೇ ಔಷಧಿ ಉಣಿಸುವಂತೆ ಮಾಡಬೇಕೆಂಬುದು ಅವಳ ಹಟ. ಮನುಷ್ಯರು ವೇಷ ನೋಡಿ ಮಣೆ ಹಾಕುತ್ತಾರೆಂದು ನಾವು ಬೈಯುತ್ತೇವಲ್ಲ, ಕರುಳೂ ಹಾಗೆಯೇ ಅಂತೆ!

ಹಟಕ್ಕೆ ಕಾರಣ ಅವಳ ಅಮ್ಮ, ನನ್ನ ಹೆಂಡತಿ ಶಾರದೆ. ವರ್ಷಗಳಿಂದ ಕರುಳಿನ ಹುಣ್ಣು. ಮಾತ್ರೆಗಳು ತಡೆಯುತ್ತವೆ, ವಾಸಿ ಮಾಡವು. ಟಾಯ್ಲೆಟ್ಟಿನಿಂದ ದೂರ ಹೋಗಲು ಹೆದರುವ ಆಕೆ ಕೂಗಳತೆಯ ನಮ್ಮ ಗುಡಿಗೇ ಬಂದು ಎಷ್ಟು ಕಾಲವಾಯಿತೋ. ನೆನೆದರೆ ನನಗೆ ಅಳು ಬರುತ್ತದೆ.

ಆದರೆ ವಸುಧಾಳ ಅಲಂಕಾರ ಮೈಮೇಲೆ ನಿಲ್ಲಬೇಕಲ್ಲ! ಪ್ರೋಟೀನು ಬ್ಯಾಕ್ಟೀರಿಯಾದೊಳಗೇ ಉಳಿಯುತ್ತಿತ್ತು, ಹೊರಬಂದರೆ ಕಳಚುತ್ತಿತ್ತು.

“ಒದ್ದೆ ಕಲ್ಲಿಗೆ ಬೆಣ್ಣೆ ಅಂಟಲ್ಲ ಕಣಮ್ಮ, ಚೆನ್ನಾಗಿ ಒರೆಸು,” ಎಂದು ಫೋನಿನಲ್ಲಿ ಉಪದೇಶಿಸಿದೆ.

“ಒಣಗಿಸಿದ್ರೆ ಅದು ಸತ್ತೇ ಹೋಗತ್ತೆ ಅಪ್ಪಾ!” ಎಂದಳು. ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು.

ಮೊನ್ನೆ ಮಂಗಳವಾರ ಬೆಳಗ್ಗೆ ಮತ್ತೆ ಅವಳ ಫೋನು. ನಾನೂ ಶಾರದೆಯೂ ಒಟ್ಟಿಗೆ ಕೇಳಿದೆವು. ಪ್ರೋಟೀನಿಗೆ ಬೇರೆ ಕೊಂಡಿ ಹಾಕಿ, ತಟ್ಟೆಯಲ್ಲಿ ಬೆಳೆಸಿದ ಕರುಳಿನ ಕೋಶಗಳ ಮೇಲೆ ಬ್ಯಾಕ್ಟೀರಿಯಾವನ್ನು ಬಿಟ್ಟಿದ್ದಳಂತೆ. “ಎಷ್ಟು ತೊಳೆದ್ರೂ ಕಚ್ಕೊಂಡು ಕೂತಿದಾವೆ! ಬಿಡ್ತಾನೇ ಇಲ್ಲ!” ಎಂದು ಕಿರುಚಿದಳು. ಇದಿನ್ನೂ ಔಷಧಿಯಲ್ಲ, ತಟ್ಟೆಯಿಂದ ಹೊಟ್ಟೆಗೆ ಬಹಳ ದೂರ ಎಂದು ಎಚ್ಚರಿಸಿದಳು ಕೂಡ. ಎಚ್ಚರಿಕೆ ಯಾರ ಕಿವಿಗೆ ಬೀಳಬೇಕು? ನಾನು ಗುಡಿಗೆ ನಡೆದೆನೋ ಹಾರಿದೆನೋ ತಿಳಿಯದು. ಬಾಯಿ ತನ್ನಷ್ಟಕ್ಕೆ ಮಂತ್ರ ಹೇಳುತ್ತಿತ್ತು, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು.

“ಇದೇನ್ ಸಾಮಿ ಇಂಗೆ ಮಾಡುದ್ರಿ?” ಬೆಣ್ಣೆ ಕೊಡುವ ನಿಂಗಮ್ಮ ಬಾಗಿಲಲ್ಲಿ ಬೆರಗಾಗಿ ನಿಂತಿದ್ದಳು. “ಸನಿವಾರುಕ್ಕೆ ಅಂತ ಕೊಟ್ಟ ಬೆಣ್ಣೆಯ ಮಂಗಳ್ವಾರವೇ ಬಳ್ದ್‌ಬುಟ್ಟಿದ್ದೀರಲ್ಲಾ!”

ನೋಡುತ್ತೇನೆ, ಆಂಜನೇಯ ಅಡಿಯಿಂದ ಮುಡಿಯವರೆಗೆ ಬೆಳ್ಳಗೆ ಹೊಳೆಯುತ್ತಿದ್ದಾನೆ, ಕಿರೀಟ ಸೊಟ್ಟಗಿದೆ! ನಾನು ನಕ್ಕೆ, ನಗು ನಿಲ್ಲಲಿಲ್ಲ. ನನಗೇನೋ ಆಗಿದೆಯೆಂದು ನಿಂಗಮ್ಮ ನಮ್ಮ ಮನೆಗೆ ಓಡಿದಳು. ಸ್ವಲ್ಪ ಹೊತ್ತಿಗೆ, ಹೊಟ್ಟೆಯ ಮೇಲೊಂದು ಕೈಯಿಟ್ಟುಕೊಂಡು, ಶಾರದೆ ಗುಡಿಯ ಬಾಗಿಲಲ್ಲಿ ನಿಂತಿದ್ದಳು.

“ಶನಿವಾರದ ತನಕ ಕಾಯಕ್ಕಾಗ್ಲಿಲ್ವೇನ್ರೀ?” ಎಂದಳು.

ಮಂಗಳಾರತಿ ಮುಗಿಯುವವರೆಗೂ ಆಕೆ ಮನೆಯ ಕಡೆ ತಿರುಗಿ ನೋಡಲಿಲ್ಲ. ಪ್ರಸಾದದ ಬೆಣ್ಣೆ ಕೊಡಲು ಹಿಂಜರಿದೆ. ಅದು ಆಕೆಗೆ ಒಗ್ಗದು. “ಕೊಡಿ, ಸುಮ್ನೆ ಹಿಡ್ಕೋತೀನಿ,” ಎಂದು ಅಂಗೈ ಚಾಚಿದಳು.

ಮುಷ್ಟಿ ಕಟ್ಟಿಕೊಂಡೇ ಮನೆಯವರೆಗೆ ನಡೆದಳು. ಹೊಸಿಲ ಬಳಿ ಬಿಚ್ಚಿದರೆ ಬೆಣ್ಣೆಯೆಲ್ಲ ಕರಗಿ ಮುಂಗೈಗೆ ಇಳಿದಿತ್ತು. ಒಂದು ಒಣದ್ರಾಕ್ಷಿ ಮಾತ್ರ ಅಂಗೈಗೆ ಅಂಟಿಕೊಂಡಿತ್ತು. ಕೈ ಕೊಡವಿದಳು, ಬೀಳಲಿಲ್ಲ. ಇನ್ನೊಮ್ಮೆ ಕೊಡವಿದಳು.

“ಬಿಡ್ತಾನೇ ಇಲ್ಲ ನೋಡ್ರೀ,” ಎಂದು ಶಾರದೆ ನಕ್ಕಳು.