ತುಪ್ಪ ಕುಡಿದ ಸ್ಟೀಲ್ ಬತ್ತಿ

ಕೇಳಿ ಮಾರಾಯ್ರೆ, ಸಿಗರೇಟು ಬಿಡುವ ಅಳಿಯನ ವ್ರತ ಇವತ್ತು ನನ್ನ ಕೈಯಿಂದಲೇ ಕೆಡುವುದರಲ್ಲಿತ್ತು. ಈಗ ಅವರು ಬ್ಯಾಟರಿಯಲ್ಲಿ ಹಬೆ ಬರುವ ವೇಪ್ ಎಳೆಯುತ್ತಾರೆ. ಅದಕ್ಕೆ ತುಂಬಿಸುವ ಸ್ಟ್ರಾಬೆರಿ ರಸ ಹೀರಲು ಬತ್ತಿ ಬೇಕಂತೆ, ಅದೂ ಸ್ಟೀಲಿನದು! ಸಣ್ಣ ಕಣ್ಣಿನ ಸ್ಟೀಲ್ ಬಲೆಯನ್ನು ಕತ್ತರಿಸಿ, ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ, ಸೂಜಿಗೆ ಸುತ್ತಿದರು. ನಾನು ಕನ್ನಡಕ ಏರಿಸಿ ನೋಡಿದ್ದೇ ನೋಡಿದ್ದು. ಅವರು ಸ್ನಾನಕ್ಕೆ ಹೋದಾಗ, ಹೊಸ ಬತ್ತಿ ಒಣಗಿರಬಾರದೆಂದು ತುಪ್ಪದಲ್ಲಿ ಅದ್ದಿಟ್ಟೆ.

"ಅತ್ತೆ, ಇದಕ್ಕೆ ಎಂತ ಹಾಕಿದ್ರಿ?"

"ತುಪ್ಪ. ಬತ್ತಿಗೆ ಮತ್ತೆಂತ ಹಾಕುದು, ಸಾಂಬಾರಾ?"

"ಅಯ್ಯೋ, ತುಪ್ಪದ ಹೊಗೆ ಎಳೆದ್ರೆ ನಾನು ಜಿಪಿ ಡಾಕ್ಟ್ರ ಹತ್ರ ಓಡ್ಬೇಕು!"

ಸಿಟ್ಟಿನಲ್ಲಿ ಸಿಗರೇಟು ತರಲು ಜಾಕೆಟ್ ಹಾಕಿಕೊಂಡರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಜಾಕೆಟ್ ತೆಗಿರಿ. ಬಲೆ ಉಳಿದಿದೆಯಲ್ಲ? ಕಾಯಿಸಿ ಕೊಡಿ, ನಾನು ಸುತ್ತುತ್ತೇನೆ."

"ಗಟ್ಟಿ ಹೊಸಿಬೇಡಿ ಅತ್ತೆ, ಒಳಗೆ ಟೊಳ್ಳಿರ್ಬೇಕು."

ಟೊಳ್ಳು ಬತ್ತಿ ನಾನು ಕಂಡದ್ದು ಇದೇ ಮೊದಲು. ಅವರು ಹೇಳಿದಂತೆ ಸುತ್ತಿದೆ. ಹಬೆ ಬಂತು, ಜಾಕೆಟ್ ಮೊಳೆಗೆ ಹೋಯಿತು.

ವೆಂಬ್ಲಿಯ ಈ ಫ್ಲ್ಯಾಟಿನಲ್ಲಿ ದೇವರ ಮೂಲೆಯವರೆಗೂ ಈಗ ಸ್ಟ್ರಾಬೆರಿ ವಾಸನೆ. ಸಿಗರೇಟಿನ ವಾಸನೆ ಸಹಿಸಿದ ದೇವರು, ಇದನ್ನೂ ಅಭ್ಯಾಸ ಮಾಡಿಕೊಳ್ಳಲಿ.