ಸೊನ್ನೆಯೊಳಗೆ ಎಳೆಯದ ಗೆರೆ

ಮೂರು ವರ್ಷದ ಹಿಂದಿನ ಮಾತು. ಕಾಫಿ ಕೊಯ್ಲು ಮುಗಿದು, ಗಿಡದಲ್ಲಿ ಹೂ ಅರಳಿಸುವ ಹೂಮಳೆ ಇವತ್ತು ಬಂದೀತೋ ನಾಳೆ ಬಂದೀತೋ ಎಂದು ಎಲ್ಲರೂ ಆಕಾಶ ನೋಡುತ್ತಿದ್ದ ದಿನಗಳು. ನಮ್ಮ ಕಡೆ ಎಸ್ಟೇಟುಗಳ ಫುಟ್‌ಬಾಲ್ ಪಂದ್ಯ ನಡೆಯುವುದು ಆಗಲೇ. ನಾನು ಬಾಳೂರು ಹತ್ತಿರದ ಒಂದು ಎಸ್ಟೇಟಿನಲ್ಲಿ ಇಪ್ಪತ್ತಾರು ವರ್ಷದಿಂದ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಬರೆಯುವುದರಿಂದ ನನ್ನ ದಿನ ಶುರು. ಪಂದ್ಯದ ಕಾರ್ಯದರ್ಶಿಯೂ ನಾನೇ. ಚೆಂಡು ಒದ್ದು ಗೊತ್ತಿಲ್ಲ. ಅಕ್ಷರ ದುಂಡಗಿದೆ ಎಂದು ಆ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು.

ಆ ಅಕ್ಷರದ ಬಗ್ಗೆ ನನಗೆ ಜಂಬವೂ ಇತ್ತು. ಇಷ್ಟು ವರ್ಷದ ಹಾಜರಿ ಪುಸ್ತಕಗಳಲ್ಲಿ ಒಂದು ಕಡೆಯೂ ಹೊಡೆದು ಬರೆದದ್ದಿರಲಿಲ್ಲ. ನಮ್ಮ ಧಣಿಗಳು ಮನೆಗೆ ಬಂದ ನೆಂಟರಿಗೂ ಅದನ್ನು ತೆರೆದು ತೋರಿಸುತ್ತಿದ್ದರು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತು ಒಳಗೊಳಗೇ ಉಬ್ಬುತ್ತಿದ್ದೆ.

ಆ ವರ್ಷ ನಮ್ಮ ಎಸ್ಟೇಟಿನ ಕೆಳಗಿನ ಹೋಮ್‌ಸ್ಟೇಯಲ್ಲಿ ಐರ್ಲೆಂಡಿನ ಒಬ್ಬರು ತಿಂಗಳಿಗೆಂದು ಬಂದು ಉಳಿದಿದ್ದರು. ಹೆಸರು ಬ್ರೆಂಡನ್, ಎಪ್ಪತ್ತು ದಾಟಿದವರು. ಆಳುಗಳ ಲೈನ್ ಮನೆಗಳ ಅಜ್ಜಿಯರು ದೊರೆ ಎಂದು ಕರೆದರೆ ಅವರಿಗೆ ಬಹಳ ಮುಜುಗರ. ಫುಟ್‌ಬಾಲ್ ಎಂದು ಕಿವಿಗೆ ಬಿದ್ದದ್ದೇ ಬಣಕಲ್‌ನ ಮೈದಾನಕ್ಕೆ ದಿನಾ ಬರತೊಡಗಿದರು. ಏನಾದರೂ ಕೆಲಸ ಕೊಡಿ ಎಂದು ಬೆನ್ನು ಬಿದ್ದರು. ಸುಣ್ಣದ ಪುಡಿಯ ಬಕೆಟ್ಟು ಕೊಟ್ಟು ಗೆರೆ ಹಾಕಿ ಎಂದೆ. ಹಾಕಿದರು, ದಾರ ಹಿಡಿದು ಎಳೆದಷ್ಟು ನೇರವಾಗಿ.

ಏನು ಕೆಲಸದಲ್ಲಿದ್ದಿರಿ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದಾಗ ಅವರು ಹೇಳಿದ್ದು ಕೇಳಿ ನನಗೆ ನಗು ಬಂತು. ಮೊದಲು ಟೆಲಿಫೋನ್ ಕಂಬ ಹತ್ತುತ್ತಿದ್ದರಂತೆ. ಆಮೇಲೆ ಕಂಪ್ಯೂಟರ್ ರಿಪೇರಿ. ಆಮೇಲೆ ಒಂದು ಕಂಪ್ಯೂಟರ್ ಕಂಪನಿಗೇ ಮುಖ್ಯಸ್ಥರು. ಅದನ್ನೂ ಬಿಟ್ಟು ಅವರ ಸೀಮೆಯ ಫುಟ್‌ಬಾಲ್ ಸಂಸ್ಥೆಯ ಆಡಳಿತ. ಇದನ್ನು ನಮ್ಮ ಆಳುಗಳ ಮೇಸ್ತ್ರಿ ಶೇಷಪ್ಪನಿಗೆ ಹೇಳಿದರೆ ಅವನು, "ಒಂದ್ ಕಡೆ ನೆಲೆ ನಿಲ್ಲದ ಮನುಷ್ಯ ಮಾರಾಯ" ಅಂದ. ನನಗೂ ಹಾಗೇ ಅನ್ನಿಸಿತ್ತು.

ನಮ್ಮ ಪಂದ್ಯಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಆ ಕೊಯ್ಲಿನಲ್ಲಿ ಯಾರು ಯಾವ ಎಸ್ಟೇಟಿನ ಹಾಜರಿಯಲ್ಲಿದ್ದರೋ ಆ ಎಸ್ಟೇಟಿಗೆ ಮಾತ್ರ ಆಡಬೇಕು. ಹಿಂದೆ ಹೊರಗಿನ ಆಟಗಾರರನ್ನು ಕರೆಸಿ ಹೊಡೆದಾಟವೇ ಆಗಿದ್ದರಿಂದ ಹಿರಿಯರು ಮಾಡಿದ್ದು. ಮೋಸ ಮಾಡಿದವನು ಎರಡು ವರ್ಷ ಮೈದಾನಕ್ಕಿಳಿಯುವ ಹಾಗಿಲ್ಲ.

ಫೈನಲ್ ನಮಗೂ ಜಾವಳಿ ಕಡೆಯ ಒಂದು ಎಸ್ಟೇಟಿಗೂ. ಆಟ ಮೂರು ಗಂಟೆಗೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವರ ಕಡೆಯವರು ತಕರಾರು ತಂದರು. ನಮ್ಮ ಗೋಲ್‌ಕೀಪರ್ ಹರೀಶ ಜನವರಿಯಲ್ಲಿ ಹನ್ನೆರಡು ದಿನ ಇನ್ನೊಂದು ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ದಿದ್ದಾನೆ, ಅಲ್ಲಿನ ಪುಸ್ತಕದಲ್ಲಿ ಅವನ ಹೆಸರಿದೆ ಎಂದರು. ಹರೀಶ ಮೂವತ್ತು ದಾಟಿದವನು, ನಮ್ಮ ಲೈನಿನಲ್ಲೇ ಹುಟ್ಟಿ ಬೆಳೆದವನು. ಅವತ್ತು ಅವನ ಮಗಳು ಮೊದಲ ಸಲ ಅಪ್ಪನ ಆಟ ನೋಡಲು ಬಂದಿದ್ದಳು.

ನಾನು ನಕ್ಕುಬಿಟ್ಟೆ. ಅದು ಮುಯ್ಯಾಳು ಎಂದೆ. ಎಲ್ಲ ಕಡೆ ಹಣ್ಣು ಒಟ್ಟಿಗೆ ಬಂದಾಗ ಆ ಎಸ್ಟೇಟಿನವರು ನಮಗೆ ಆಳು ಕಳಿಸುತ್ತಾರೆ, ಆಮೇಲೆ ನಾವು ಅಷ್ಟೇ ಆಳು ಕಳಿಸಿ ಮುಯ್ಯಿ ತೀರಿಸುತ್ತೇವೆ. ಹಾಗೆ ಹೋದವನು ನಮ್ಮವನೇ. ಪಂದ್ಯದ ಮೂವರು ಹಿರಿಯರು, ಹಾಗಾದರೆ ನಿಮ್ಮ ಪುಸ್ತಕ ತನ್ನಿ, ಎರಡು ಗಂಟೆಗೆ ನೋಡೋಣ ಎಂದರು. ಜೀಪಿನಲ್ಲಿ ಹೋಗಿ ತಂದೆ.

ಮೈದಾನದ ಚಪ್ಪರದಲ್ಲಿ ಕೂತು ಜನವರಿಯ ಹಾಳೆ ತೆರೆದೆ. ನನ್ನ ಪುಸ್ತಕದಲ್ಲಿ ಗೈರಾದವನಿಗೆ ಸೊನ್ನೆ, ಮುಯ್ಯಿಗೆ ಹೋದವನಿಗೆ ಸೊನ್ನೆಯೊಳಗೆ ಒಂದು ಗೆರೆ. ಹರೀಶನ ಹೆಸರಿನ ಮುಂದೆ ಹನ್ನೆರಡು ಬರೀ ಸೊನ್ನೆಗಳು. ಆಳುಗಳು ಮುಯ್ಯಿಗೆ ಹೊರಟ ಬೆಳಿಗ್ಗೆ ನಾಲ್ಕೇ ಹೆಸರು ಬರೆದುಕೊಂಡಿದ್ದೆ. ಕೊನೆ ಗಳಿಗೆಯಲ್ಲಿ ಐದನೆಯವನಾಗಿ ಹರೀಶ ಜೀಪು ಹತ್ತಿದ್ದು ನನಗೆ ಗೊತ್ತಾದದ್ದು ಅವನು ಅಷ್ಟೂ ದಿನ ಅಲ್ಲೇ ಉಳಿದು ವಾಪಸು ಬಂದ ಮೇಲೆ. ಅದುವರೆಗೆ ಎಲ್ಲಿ ಹೋದ ಎಂದು ಒಂದು ಮಾತು ಕೇಳದೆ ದಿನಾ ಸೊನ್ನೆ ಹಾಕಿದ್ದೆ. ಆಮೇಲೂ ನನ್ನ ಪುಸ್ತಕದಲ್ಲಿ ತಪ್ಪಿರುತ್ತದೆಯೇ ಎಂಬ ಧೈರ್ಯದಲ್ಲಿ ಹಿಂದೆ ತಿರುಗಿಸಿ ನೋಡಿರಲಿಲ್ಲ. ಈ ಹಾಳೆ ನೋಡಿದವರಿಗೆ ಹರೀಶ ನಮ್ಮನ್ನು ಬಿಟ್ಟು ಹೋಗಿ, ಆಟಕ್ಕೆಂದು ಮರಳಿ ಬಂದವನಂತೆಯೇ ಕಾಣುವುದು.

ಜೇಬಿನಲ್ಲಿ ಅದೇ ನೀಲಿ ಪೆನ್ನಿತ್ತು. ಹನ್ನೆರಡು ಗೆರೆ ಎಳೆದರೆ ಮುಗಿಯಿತು. ಸುಳ್ಳೇನೂ ಅಲ್ಲವಲ್ಲ, ಇದ್ದದ್ದನ್ನೇ ಬರೆಯುವುದು ಎಂದು ಮನಸ್ಸು ಹೇಳಿತು. ಪೆನ್ನಿನ ಟೋಪಿ ತೆಗೆದೆ. ಆಗ ಕಂಡಿತು, ಚಪ್ಪರದ ಮೂಲೆಯಲ್ಲಿ ಬ್ರೆಂಡನ್ ಬಾಳೆಲೆಯ ತುಂಡಿನಲ್ಲಿ ಚಿತ್ರಾನ್ನ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಏನಾಯಿತು ಎಂದು ಕೇಳಿದರು. ಯಾರಿಗಾದರೂ ಹೇಳಿಕೊಳ್ಳಬೇಕಿತ್ತು, ಹೇಳಿದೆ.

ಅವರು ಫುಟ್‌ಬಾಲ್ ಸಂಸ್ಥೆಯಲ್ಲಿದ್ದಾಗ ತಾವೂ ಹೀಗೆ ಕೂತಿದ್ದಾಗಿ ಹೇಳಿದರು. ಒಬ್ಬ ಆಟಗಾರನ ನೋಂದಣಿ ಕಾಗದದಲ್ಲಿ ಕಚೇರಿಯ ತಪ್ಪಿತ್ತು. ಯಾರಿಗೂ ಹೇಳದೆ ಅವರೇ ಪೆನ್ನಿನಿಂದ ಸರಿ ಮಾಡಿದರು. ಹೊಸ ಶಾಯಿ ಎಂದು ಎದುರಾಳಿಗಳು ಕಂಡುಹಿಡಿದರು. ಸಂಸ್ಥೆಯ ಮುಖ್ಯಸ್ಥರಾದ ಇವರನ್ನು ಯಾರು ಅನುಮಾನಿಸುತ್ತಾರೆ? ಆಟಗಾರನೇ ತಿದ್ದಿಸಿದ್ದಾನೆ ಎಂದಾಯಿತು.

"ನೀವು ಏನು ಹೇಳಿದಿರಿ?" ಎಂದೆ.

"ಏನೂ ಹೇಳಲಿಲ್ಲ" ಎಂದರು. "ಅವನು ಮತ್ತೆ ಆಡಲಿಲ್ಲ. ಇಷ್ಟೊಂದು ಕೆಲಸ ಮಾಡಿದೆ ನಾನು. ನೆನಪಿರುವುದು ಅದೊಂದೇ."

ಹೀಗೆ ಮಾಡು, ಹಾಗೆ ಮಾಡು ಎಂದು ಒಂದು ಮಾತೂ ಆಡದೆ ಎಲೆ ಮಡಚಿ ಎದ್ದು ಹೋದರು. ನಾನು ಪೆನ್ನಿಗೆ ಟೋಪಿ ಹಾಕಿ ಜೇಬಿಗಿಟ್ಟೆ.

ಎರಡು ಗಂಟೆಗೆ ಹಿರಿಯರ ಮುಂದೆ ಪುಸ್ತಕ ತೆರೆದಿಟ್ಟು, ಮೈಕು ನನಗೆ ಕೊಡಿ ಎಂದೆ. ಅಷ್ಟು ಹೊತ್ತಿಗೆ ಹರೀಶ ಓಡಿಹೋಗಿದ್ದವನು ಎಂಬ ಮಾತು ಮೈದಾನದ ತುಂಬ ಹಬ್ಬಿತ್ತು. ಹಾಗಾಗಿ ಎಲ್ಲರಿಗೂ ಕೇಳುವ ಹಾಗೇ ಹೇಳಬೇಕಿತ್ತು. ಮುಂದಿನ ಸಾಲಿನಲ್ಲಿ ಧಣಿಗಳು ಕೂತಿದ್ದರು.

"ಹರೀಶಂದು ಎಂತದೂ ತಪ್ಪಿಲ್ಲ" ಎಂದೆ. "ಅವ್ನು ಮುಯ್ಯಿಗೆ ಹೋಗಿದ್ದ. ಕೇಳ್ದೆ ಮಾಡ್ದೆ ಗೈರು ಬರ್ದಿದ್ದು ನಾನು. ಹನ್ನೆರಡು ದಿನಾನೂ ತಪ್ಪೇ ಬರ್ದಿದ್ದೀನಿ."

ಜಾವಳಿ ಕಡೆಯ ಒಬ್ಬರು ಇದನ್ನು ನಂಬುವುದು ಹೇಗೆ ಎಂದರು. ಅವರ ಪ್ರಶ್ನೆ ನ್ಯಾಯವೇ. ಆಗ ಅವರದೇ ಎಸ್ಟೇಟಿನ ವಯಸ್ಸಾದ ರೈಟರ್ ಎದ್ದು ನಿಂತರು. "ಇವ್ರ ಪುಸ್ತಕ ನಾನ್ ನೋಡಿದ್ದೀನಿ. ಇಷ್ಟ್ ವರ್ಷ ಒಂದು ಕಾಟು ಹಾಕದವ್ರು ಇಷ್ಟ್ ಜನರ ಎದ್ರಿಗೆ ತಪ್ಪು ನಂದು ಅಂದ್ರೆ, ಅದು ನಿಜವೇ ಇರ್ಬೇಕು" ಎಂದರು. ಹಿರಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಹರೀಶ ಆಡಲಿ ಎಂದರು. ನನ್ನ ಕೈಯಿಂದಲೇ ಹನ್ನೆರಡೂ ಸೊನ್ನೆ ಹೊಡೆದುಹಾಕಿಸಿ, ಪಕ್ಕದಲ್ಲಿ ಮುಯ್ಯಿ ಎಂದು ಬರೆಸಿ ಸಹಿ ಹಾಕಿಸಿದರು. ಧಣಿಗಳು ನನ್ನ ಮುಖ ನೋಡಲಿಲ್ಲ. ಪುಸ್ತಕ ಮಡಚಿ ಎದೆಗವಚಿಕೊಂಡು, ಎಲ್ಲಿ ಹೋಗುವುದೆಂದು ತಿಳಿಯದೆ ಅಲ್ಲೇ ನಿಂತಿದ್ದೆ. ಅಷ್ಟರಲ್ಲಿ ಯಾರೋ ಹಿಂದಿನಿಂದ ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು, "ಕೂತ್ಕಳಿ ಸಾರ್" ಅಂದರು. ತಿರುಗಿದರೆ ಹರೀಶ. ಕೈಗೆ ಗ್ಲೌಸು ಹಾಕಿಕೊಂಡೇ ಕುರ್ಚಿ ಹಿಡಿದಿದ್ದ.

ಆಟ ಒಂದು ಗೋಲಿನಿಂದ ಸೋತೆವು. ಇನ್ನು ಮೂರು ಗೋಲು ಆಗದಂತೆ ಹರೀಶ ತಡೆದ. ಅಪ್ಪ ಒಂದೊಂದು ತಡೆದಾಗಲೂ ಆ ಮಗು ಗೆದ್ದೇಬಿಟ್ಟೆವು ಎಂಬ ಹಾಗೆ ಕುಣಿಯುತ್ತಿತ್ತು.

ಮರುವಾರ ಬ್ರೆಂಡನ್ ಹೊರಟರು. ಹೊರಡುವಾಗ ನನ್ನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ನಾಲ್ಕು ತಿಂಗಳಾದ ಮೇಲೆ, ಕರೆಂಟಿಲ್ಲದ ಆಷಾಢದ ಒಂದು ಮಧ್ಯಾಹ್ನ ಅವರ ಮೆಸೇಜು ಬಂತು. ಆ ಆಟಗಾರನನ್ನು ಹುಡುಕಿಕೊಂಡು ಹೋಗಿದ್ದರಂತೆ. ಅವನಿಗೂ ಈಗ ಕೂದಲು ನೆರೆತಿದೆಯಂತೆ. ಬಾಗಿಲು ತೆರೆದ, ಒಳಗೆ ಕರೆಯಲಿಲ್ಲ, ಹೊಸಿಲಲ್ಲಿ ನಿಂತೇ ಎಲ್ಲ ಹೇಳಿದೆ, ಕೊನೆಯವರೆಗೂ ಕೇಳಿಸಿಕೊಂಡ ಎಂದು ಬರೆದಿದ್ದರು.

ಹರೀಶನಿಗೆ ಓದಿ ಹೇಳಿದೆ. ಅವನು, "ಅಷ್ಟ್ ವಯಸ್ಸಾದೋರು ನಿಂತ್ಕಂಡೇ ಹೇಳಿದ್ರಾ? ಪಾಪ, ಒಂದ್ ಕುರ್ಚಿ ಕೊಡ್ಬೋದಿತ್ತು" ಅಂದ.

ಧಣಿಗಳು ಈಗ ನೆಂಟರಿಗೆ ನನ್ನ ಪುಸ್ತಕ ತೋರಿಸುವುದಿಲ್ಲ. ಆದರೆ ಆ ವರ್ಷದ ಪುಸ್ತಕವನ್ನು ನಾನೇ ಆಗಾಗ ತೆಗೆದು ಜನವರಿಯ ಹಾಳೆ ನೋಡುತ್ತೇನೆ. ನೋಡಿದಾಗಲೆಲ್ಲ ನೆನಪಾಗುವುದು ಆ ಸೊನ್ನೆಗಳಲ್ಲ, ಗ್ಲೌಸು ಹಾಕಿದ ಎರಡು ಕೈ ಎಳೆದು ತಂದ ಆ ಕುರ್ಚಿ.